ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮಾರ್ಗ: ದೂರ ಮತ್ತು ಪ್ರಯಾಣದ ಸಮಯ

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮಾರ್ಗವು ಕರ್ನಾಟಕದ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನೂ ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೋ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನೂ ಸೇರಿಸುವ ವಾಯುಮಾರ್ಗವಾಗಿದೆ. ಭೂಮಿಯ ಮೇಲ್ಮೈಯ ಮೇಲೆ ಇವೆರಡರ ನಡುವಿನ ಅತಿ ಕಡಿಮೆ ದೂರ ಸುಮಾರು 13,993 ಕಿ.ಮೀ. ಇದು ಭೂಮಿಯ ಅರ್ಧ ಸುತ್ತಳತೆಯ ಶೇಕಡ 70ರಷ್ಟಾಗುತ್ತದೆ. ಎಲ್ಲಿಯೂ ಇಳಿಯದೆ ನೇರವಾಗಿ ಹಾರುವ ವಿಮಾನಕ್ಕೆ ಬೆಂಗಳೂರಿನಿಂದ ಹೋಗುವಾಗ ಸುಮಾರು 16 ಗಂಟೆಗಳೂ, ಅಲ್ಲಿಂದ ಮರಳುವಾಗ 17 ಗಂಟೆಗಳಿಗಿಂತ ಹೆಚ್ಚೂ ಬೇಕಾಗುತ್ತದೆ.

ಎರಡು ನಿಲ್ದಾಣಗಳ ನಡುವಿನ ದೂರವು ಬದಲಾಗದ ಸಂಖ್ಯೆ. ಆದರೆ ವಿಮಾನವು ವಾಸ್ತವವಾಗಿ ಕ್ರಮಿಸುವ ದಾರಿಯಾಗಲಿ, ಅದಕ್ಕೆ ಹಿಡಿಯುವ ಸಮಯವಾಗಲಿ ಸ್ಥಿರವಲ್ಲ. ಗಾಳಿಯ ದಿಕ್ಕು, ಋತು, ದೇಶಗಳ ನಡುವಿನ ಸಂಬಂಧ, ವಿಮಾನದ ಸಾಮರ್ಥ್ಯ ಇವುಗಳಿಗೆ ಅನುಸಾರವಾಗಿ ಅವು ಬದಲಾಗುತ್ತವೆ. ಈ ಕಾರಣದಿಂದ ಭೂಗೋಳದ ವಿದ್ಯಾರ್ಥಿಗಳಿಗೆ ಅಕ್ಷಾಂಶ, ರೇಖಾಂಶ, ಮಹಾವೃತ್ತ, ಕಾಲವಲಯ ಮತ್ತು ಜೆಟ್ ಪ್ರವಾಹಗಳನ್ನು ಒಟ್ಟಿಗೆ ಅರಿಯಲು ಈ ಮಾರ್ಗವು ಒಳ್ಳೆಯ ಉದಾಹರಣೆಯಾಗಿದೆ.

ಸಂಕ್ಷಿಪ್ತ ವಿವರ

• ಮಹಾವೃತ್ತ ದೂರ: ಸುಮಾರು 13,993 ಕಿ.ಮೀ. (8,695 ಮೈಲಿ, 7,556 ನಾಟಿಕಲ್ ಮೈಲಿ)
• ನೇರ ಹಾರಾಟದ ಸಮಯ: ಹೋಗುವಾಗ ಸುಮಾರು 16 ಗಂಟೆ, ಮರಳುವಾಗ 17 ಗಂಟೆಗಿಂತ ಹೆಚ್ಚು
• ಕಾಲ ವ್ಯತ್ಯಾಸ: ಚಳಿಗಾಲದಲ್ಲಿ 13 ಗಂಟೆ 30 ನಿಮಿಷ, ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ (ಬೆಂಗಳೂರು ಮುಂದೆ)
• ಮೊದಲ ನೇರ ಹಾರಾಟ: 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ನಿರ್ಗಮನ, ಜನವರಿ 11ರಂದು ಬೆಂಗಳೂರಿಗೆ ಆಗಮನ (ಏರ್ ಇಂಡಿಯಾ)
• ಬಳಸಿದ ವಿಮಾನ: ಬೋಯಿಂಗ್ 777-200ಎಲ್‌ಆರ್

ಎರಡು ನಿಲ್ದಾಣಗಳು

ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ದೇವನಹಳ್ಳಿಯ ಬಳಿ ಇದೆ. 2008ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿದ ಈ ನಿಲ್ದಾಣಕ್ಕೆ 2013ರಲ್ಲಿ ಬೆಂಗಳೂರಿನ ನಿರ್ಮಾತೃ ಕೆಂಪೇಗೌಡರ ಹೆಸರನ್ನು ಇಡಲಾಯಿತು. ಅದಕ್ಕೂ ಮೊದಲು ನಗರದ ನಾಗರಿಕ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ಸಂಚರಿಸುತ್ತಿದ್ದವು. ದೇವನಹಳ್ಳಿಯ ನಿಲ್ದಾಣವು ಸುಮಾರು 13°12′ ಉತ್ತರ ಅಕ್ಷಾಂಶ ಮತ್ತು 77°42′ ಪೂರ್ವ ರೇಖಾಂಶದಲ್ಲಿದ್ದು, ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಇಲ್ಲಿ ತಲಾ 4,000 ಮೀಟರ್ ಉದ್ದದ ಎರಡು ರನ್‌ವೇಗಳಿವೆ.

ಸ್ಯಾನ್ ಫ್ರಾನ್ಸಿಸ್ಕೋ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಆ ನಗರದ ದಕ್ಷಿಣಕ್ಕೆ, ಕೊಲ್ಲಿಯ ದಡದಲ್ಲಿದೆ. 1927ರಲ್ಲಿ ಆರಂಭವಾದ ಈ ನಿಲ್ದಾಣವು ಸುಮಾರು 37°37′ ಉತ್ತರ ಅಕ್ಷಾಂಶ ಮತ್ತು 122°22′ ಪಶ್ಚಿಮ ರೇಖಾಂಶದಲ್ಲಿದ್ದು, ಸಮುದ್ರಮಟ್ಟದಿಂದ ಕೇವಲ ನಾಲ್ಕು ಮೀಟರಿನಷ್ಟು ಎತ್ತರದಲ್ಲಿದೆ. ಸಿಲಿಕಾನ್ ಕಣಿವೆ ಎಂದು ಕರೆಯಲ್ಪಡುವ ತಂತ್ರಜ್ಞಾನ ಕೇಂದ್ರವು ಇದರ ದಕ್ಷಿಣಕ್ಕಿದೆ. ಎರಡೂ ನಗರಗಳಲ್ಲಿ ಮಾಹಿತಿ ತಂತ್ರಜ್ಞಾನ ಉದ್ಯಮ ಬೆಳೆದಂತೆ ಇವುಗಳ ನಡುವಿನ ಸಂಚಾರವೂ ಬೆಳೆಯಿತು. ಕೊಲ್ಲಿ ಪ್ರದೇಶದಲ್ಲಿ ನೆಲೆಸಿರುವ ಕನ್ನಡಿಗರ ಸಂಖ್ಯೆ ಗಣನೀಯವಾಗಿದ್ದು, ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟವು ಅಲ್ಲಿ ಸಕ್ರಿಯವಾಗಿದೆ. ಉದ್ಯೋಗಸ್ಥರಲ್ಲದೆ, ಮಕ್ಕಳನ್ನು ಮೊಮ್ಮಕ್ಕಳನ್ನು ನೋಡಲು ಹೋಗುವ ಹಿರಿಯರೂ ಈ ಮಾರ್ಗದ ಪ್ರಯಾಣಿಕರಲ್ಲಿ ಸೇರಿದ್ದಾರೆ.

ದೂರವನ್ನು ಲೆಕ್ಕ ಹಾಕುವ ವಿಧಾನ

ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿಯು ಮಹಾವೃತ್ತದ ಭಾಗವಾಗಿರುತ್ತದೆ. ಗೋಳದ ಕೇಂದ್ರವನ್ನೇ ತನ್ನ ಕೇಂದ್ರವನ್ನಾಗಿ ಹೊಂದಿರುವ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ಸಮಭಾಜಕ ವೃತ್ತವು ಒಂದು ಮಹಾವೃತ್ತ. ಎದುರು ಬದುರಾದ ಎರಡು ರೇಖಾಂಶಗಳು ಕೂಡಿದಾಗಲೂ ಒಂದು ಮಹಾವೃತ್ತವಾಗುತ್ತದೆ. ಸಮಭಾಜಕವನ್ನು ಬಿಟ್ಟರೆ ಬೇರೆ ಯಾವ ಅಕ್ಷಾಂಶವೂ ಮಹಾವೃತ್ತವಲ್ಲ.

ಎರಡು ಸ್ಥಳಗಳು ಭೂಕೇಂದ್ರದಲ್ಲಿ ಉಂಟುಮಾಡುವ ಕೋನವನ್ನು ಗೋಳೀಯ ತ್ರಿಕೋನಮಿತಿಯಿಂದ ಕಂಡುಹಿಡಿಯಬಹುದು. ಎರಡೂ ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧಕ್ಕೆ, ಎರಡೂ ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶ ವ್ಯತ್ಯಾಸದ ಕೊಸೈನನ್ನೂ ಗುಣಿಸಿ ಬಂದದ್ದನ್ನು ಕೂಡಿಸಿದರೆ ಆ ಕೋನದ ಕೊಸೈನ್ ದೊರೆಯುತ್ತದೆ. ಈ ಮಾರ್ಗಕ್ಕೆ ಲೆಕ್ಕ ಹೀಗಿದೆ:

• ರೇಖಾಂಶ ವ್ಯತ್ಯಾಸ: 77°42′ + 122°22′ = 200°04′. ಇದು 180°ಗಿಂತ ಹೆಚ್ಚಾಗಿರುವುದರಿಂದ 360°ಯಿಂದ ಕಳೆಯಬೇಕು. ಆಗ ಸುಮಾರು 160° ಬರುತ್ತದೆ.
• ಸೈನ್‌ಗಳ ಗುಣಲಬ್ಧ: 0.228 × 0.610 = 0.139
• ಕೊಸೈನ್‌ಗಳ ಗುಣಲಬ್ಧ: 0.974 × 0.792 × (−0.939) = −0.724
• ಮೊತ್ತ: −0.585. ಇದಕ್ಕೆ ಅನುರೂಪವಾದ ಕೋನ ಸುಮಾರು 125.8°.
• ಭೂಮಿಯ ಮೇಲೆ ಒಂದು ಡಿಗ್ರಿಗೆ ಸುಮಾರು 111.2 ಕಿ.ಮೀ. ಆದ್ದರಿಂದ ದೂರ ಸುಮಾರು 13,990 ಕಿ.ಮೀ.

ಭೂಮಿಯು ಪರಿಪೂರ್ಣ ಗೋಳವಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿದೆ. ಅದನ್ನು ಗಣನೆಗೆ ತೆಗೆದುಕೊಂಡಾಗ 13,993 ಕಿ.ಮೀ. ಎಂಬ ಉತ್ತರ ಸಿಗುತ್ತದೆ.

ಭೂಪಟ ಉಂಟುಮಾಡುವ ಭ್ರಮೆ

ಶಾಲೆಯ ಗೋಡೆಯ ಮೇಲಿರುವ ಚಪ್ಪಟೆ ಭೂಪಟದಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಡಿಕೋಲಿಟ್ಟು ಗೆರೆ ಎಳೆಯಲು ಹೊರಟವರು ಪೂರ್ವಕ್ಕೋ ಪಶ್ಚಿಮಕ್ಕೋ ಸಾಗುತ್ತಾರೆ. ಮರ್ಕೇಟರ್ ಮಾದರಿಯ ಭೂಪಟದಲ್ಲಿ ಪೂರ್ವಾಭಿಮುಖವಾಗಿ ಎಳೆದ ಇಂತಹ ನೇರ ಗೆರೆಯನ್ನು ಭೂಮಿಯ ಮೇಲೆ ನಿಜವಾಗಿ ಅನುಸರಿಸಿದರೆ ದಾರಿ ಸುಮಾರು 16,100 ಕಿ.ಮೀ. ಆಗುತ್ತದೆ. ಅಂದರೆ ಮಹಾವೃತ್ತಕ್ಕಿಂತ 2,000 ಕಿ.ಮೀ.ಗೂ ಹೆಚ್ಚು ಸುತ್ತು. ಕಾಗದದ ಮೇಲೆ ನೇರವಾಗಿ ಕಾಣುವುದು ಭೂಮಿಯ ಮೇಲೆ ನೇರವಲ್ಲ.

ಇದನ್ನು ಪರೀಕ್ಷಿಸಲು ಗ್ಲೋಬ್ ಮತ್ತು ಒಂದು ದಾರವಿದ್ದರೆ ಸಾಕು. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲೂ ಇಟ್ಟು ಬಿಗಿಯಾಗಿ ಎಳೆದಾಗ ದಾರವು ತಾನಾಗಿಯೇ ಉತ್ತರಕ್ಕೆ ಸರಿದು ಸೈಬೀರಿಯಾ ಮತ್ತು ಅಲಾಸ್ಕಾಗಳ ಮೇಲೆ ಕುಳಿತುಕೊಳ್ಳುತ್ತದೆ.

ಮಹಾವೃತ್ತವು ಹಾದುಹೋಗುವ ಪ್ರದೇಶಗಳು

ಬೆಂಗಳೂರಿನಿಂದ ಹೊರಡುವ ಮಹಾವೃತ್ತವು ಉತ್ತರ ದಿಕ್ಕಿನಿಂದ ಪೂರ್ವಕ್ಕೆ ಸುಮಾರು 20° ಮಾತ್ರ ವಾಲಿರುತ್ತದೆ. ಅದು ತೆಲಂಗಾಣ, ಛತ್ತೀಸಗಢದ ಅಂಚು ಮತ್ತು ಪೂರ್ವ ಉತ್ತರಪ್ರದೇಶಗಳನ್ನು ಹಾದು ನೇಪಾಳವನ್ನು ಪ್ರವೇಶಿಸುತ್ತದೆ. ಅಲ್ಲಿಂದ ಹಿಮಾಲಯ, ಟಿಬೆಟ್ ಪ್ರಸ್ಥಭೂಮಿ, ಚೀನಾದ ಷಿನ್‌ಜಿಯಾಂಗ್, ಪಶ್ಚಿಮ ಮಂಗೋಲಿಯಾ ಮತ್ತು ಪೂರ್ವ ಸೈಬೀರಿಯಾಗಳ ಮೇಲೆ ಸಾಗಿ, ಪೂರ್ವ ಸೈಬೀರಿಯನ್ ಸಮುದ್ರದ ಮೇಲೆ ಸುಮಾರು 71° ಉತ್ತರ ಅಕ್ಷಾಂಶವನ್ನು ಮುಟ್ಟುತ್ತದೆ. ಇದೇ ಅದರ ಅತ್ಯುತ್ತರ ಬಿಂದು. ಬಳಿಕ ದಕ್ಷಿಣಕ್ಕೆ ತಿರುಗಿ ಅಲಾಸ್ಕಾವನ್ನು ಅಡ್ಡಹಾಯ್ದು, ಪೆಸಿಫಿಕ್ ಸಾಗರದ ಮೇಲೆ ಕೆನಡಾದ ಕರಾವಳಿಗೆ ಹೊರಗಿನಿಂದ ಸಾಗಿ ಕ್ಯಾಲಿಫೋರ್ನಿಯಾವನ್ನು ತಲುಪುತ್ತದೆ.

ಈ ರೇಖೆಯನ್ನು ಯಥಾವತ್ತಾಗಿ ಅನುಸರಿಸುವುದು ವ್ಯವಹಾರದಲ್ಲಿ ಕಷ್ಟ. ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತನೆ ಕುಸಿದರೆ ಪೈಲಟ್‌ಗಳು ಉಸಿರಾಟಕ್ಕೆ ಅನುಕೂಲವಾದ, ಸುಮಾರು 3,000 ಮೀಟರ್ ಎತ್ತರಕ್ಕೆ ಬೇಗನೆ ಇಳಿಯಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಬಹುಮಟ್ಟಿಗೆ 4,500 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಹಾಗೆ ಇಳಿಯಲು ಸ್ಥಳವಿಲ್ಲ. ಆದ್ದರಿಂದ ದೂರಪ್ರಯಾಣದ ವಿಮಾನಗಳು ಸಾಮಾನ್ಯವಾಗಿ ಈ ಪ್ರದೇಶವನ್ನು ಬಳಸಿಕೊಂಡು ಹೋಗುತ್ತವೆ.

ಪರ್ಯಾಯ ದಾರಿಗಳು

ಎರಡು ನಗರಗಳ ರೇಖಾಂಶಗಳು ಹೆಚ್ಚುಕಡಿಮೆ ಎದುರು ಬದುರಾಗಿರುವುದರಿಂದ ಈ ಮಾರ್ಗಕ್ಕೊಂದು ವಿಶೇಷ ಗುಣವಿದೆ. ದಾರಿಯು ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟೇ ಭಿನ್ನವಾಗಿ ಕಂಡರೂ ಒಟ್ಟು ದೂರದಲ್ಲಿ ಆಗುವ ವ್ಯತ್ಯಾಸ ನಿರೀಕ್ಷೆಗಿಂತ ಕಡಿಮೆ.

• ಮಹಾವೃತ್ತದ ದಾರಿ: 13,993 ಕಿ.ಮೀ.
• ಉತ್ತರ ಧ್ರುವದ ಬಿಂದುವಿನ ಮೇಲೆಯೇ ಹಾಯ್ದರೆ: ಸುಮಾರು 14,360 ಕಿ.ಮೀ.
• ಟೋಕಿಯೊ ನಗರದ ಆಕಾಶ ಮತ್ತು ಪೆಸಿಫಿಕ್ ಸಾಗರದ ಮೂಲಕ: ಸುಮಾರು 14,930 ಕಿ.ಮೀ.
• ಜರ್ಮನಿಯ ಫ್ರಾಂಕ್‌ಫರ್ಟ್ ಮೂಲಕ: ಸುಮಾರು 16,550 ಕಿ.ಮೀ.

ಧ್ರುವದ ಮೂಲಕ ಹೋದರೆ ಹೆಚ್ಚುವ ದೂರ 400 ಕಿ.ಮೀ.ಗಿಂತಲೂ ಕಡಿಮೆ, ಜಪಾನಿನ ಮೂಲಕ ಹೋದರೆ ಸುಮಾರು 940 ಕಿ.ಮೀ. ಹೀಗಾಗಿ ಆಯಾ ದಿನದ ಗಾಳಿಯನ್ನು ನೋಡಿಕೊಂಡು ದಾರಿಯನ್ನು ಆರಿಸಿಕೊಳ್ಳುವ ಅವಕಾಶ ವಿಮಾನ ಸಂಸ್ಥೆಗಳಿಗಿದೆ.

ಗಾಳಿ ಮತ್ತು ಹಾರಾಟದ ಸಮಯ

ಭೂಮಿಯ ಮಧ್ಯ ಅಕ್ಷಾಂಶಗಳಲ್ಲಿ, ನೆಲದಿಂದ ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ವೇಗವಾಗಿ ಬೀಸುವ ಗಾಳಿಯ ಹೊನಲುಗಳಿವೆ. ಇವುಗಳನ್ನು ಜೆಟ್ ಪ್ರವಾಹಗಳೆನ್ನುತ್ತಾರೆ. ಜೆಟ್ ವಿಮಾನಗಳು ಹಾರುವ ಎತ್ತರವೂ ಇದೇ ಆಗಿದೆ. ಈ ಪ್ರವಾಹಗಳ ವೇಗ ಹಲವು ವೇಳೆ ಗಂಟೆಗೆ 160 ಕಿ.ಮೀ. ಮೀರುತ್ತದೆ, ಚಳಿಗಾಲದಲ್ಲಿ, ಅದರಲ್ಲಿಯೂ ಜಪಾನ್ ಮತ್ತು ಉತ್ತರ ಪೆಸಿಫಿಕ್ ಸಾಗರದ ಮೇಲೆ, ಇವು ಹೆಚ್ಚು ಪ್ರಬಲವಾಗಿರುತ್ತವೆ.

ವಿಮಾನದ ವೇಗವು ಅದರ ಸುತ್ತಲಿನ ಗಾಳಿಗೆ ಹೋಲಿಸಿದ ವೇಗವಾಗಿರುತ್ತದೆ. ಗಾಳಿಯೇ ಚಲಿಸುತ್ತಿದ್ದಾಗ, ನೆಲಕ್ಕೆ ಹೋಲಿಸಿದ ವೇಗವು ಅದಕ್ಕೆ ತಕ್ಕಂತೆ ಏರಿಳಿಯುತ್ತದೆ. ಪ್ರವಾಹದೊಡನೆ ಸಾಗುವ ದೋಣಿ ಬೇಗನೆ ದಡ ಸೇರುವಂತೆ, ಹಿಂದಿನಿಂದ ಬೀಸುವ ಗಾಳಿ ವಿಮಾನವನ್ನು ಬೇಗನೆ ಮುಟ್ಟಿಸುತ್ತದೆ. ವಿಮಾನವು ಗಂಟೆಗೆ 900 ಕಿ.ಮೀ. ವೇಗದಲ್ಲಿ ಹಾರುತ್ತದೆಂದು ಭಾವಿಸಿ ಮಾಡಿದ ಸರಳ ಲೆಕ್ಕ ಇಲ್ಲಿದೆ:

• ಮಹಾವೃತ್ತದ ದಾರಿ, ಗಾಳಿ ನಿಶ್ಚಲ: 15 ಗಂಟೆ 33 ನಿಮಿಷ
• ಪೆಸಿಫಿಕ್ ದಾರಿ, ಗಂಟೆಗೆ ಸರಾಸರಿ 80 ಕಿ.ಮೀ. ಹಿಂಗಾಳಿ: 15 ಗಂಟೆ 14 ನಿಮಿಷ
• ಪೆಸಿಫಿಕ್ ದಾರಿ, ಗಂಟೆಗೆ ಸರಾಸರಿ 80 ಕಿ.ಮೀ. ಎದುರುಗಾಳಿ: 18 ಗಂಟೆ 12 ನಿಮಿಷ

ಮೊದಲ ಎರಡು ಸಾಲುಗಳನ್ನು ಹೋಲಿಸಿದಾಗ, 940 ಕಿ.ಮೀ. ಉದ್ದವಾದ ದಾರಿಯೇ ಬೇಗ ಮುಗಿಯುವುದು ತಿಳಿಯುತ್ತದೆ. ಕೊನೆಯ ಎರಡು ಸಾಲುಗಳು, ಒಂದೇ ದಾರಿಯಲ್ಲಿ ಹೋಗುವುದಕ್ಕೂ ಬರುವುದಕ್ಕೂ ಸುಮಾರು ಮೂರು ಗಂಟೆಗಳ ಅಂತರ ಏರ್ಪಡಬಹುದೆಂದು ತೋರಿಸುತ್ತವೆ. ಮರಳುವ ವಿಮಾನಗಳು ಪೆಸಿಫಿಕ್ ಸಾಗರವನ್ನು ಬಿಟ್ಟು ಹೆಚ್ಚು ಉತ್ತರದ ದಾರಿಯನ್ನು ಆರಿಸಿಕೊಳ್ಳುವುದಕ್ಕೆ ಇದೇ ಕಾರಣ.

ಇದು ಕೇವಲ ಪುಸ್ತಕದ ಲೆಕ್ಕವಲ್ಲ. ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ನಡುವೆ 2015ರ ಡಿಸೆಂಬರ್‌ನಲ್ಲಿ ಸೇವೆ ಆರಂಭಿಸಿದ ಏರ್ ಇಂಡಿಯಾ, ಮೊದಲು ಅಟ್ಲಾಂಟಿಕ್ ಸಾಗರದ ಕಡೆಯಿಂದ ಹಾರುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಅದು ಪೆಸಿಫಿಕ್ ದಾರಿಗೆ ಬದಲಾಯಿಸಿತು. ಹೊಸ ದಾರಿಯ ಉದ್ದ ಸುಮಾರು 15,300 ಕಿ.ಮೀ.; ಹಳೆಯದಕ್ಕಿಂತ ಸುಮಾರು 1,400 ಕಿ.ಮೀ. ಹೆಚ್ಚು. ಆದರೂ ವಿಮಾನವು ಸುಮಾರು ಹದಿನಾಲ್ಕೂವರೆ ಗಂಟೆಗಳಲ್ಲಿ ಗುರಿ ತಲುಪಿತು. ಅಂದರೆ ಗಂಟೆಗೆ ಸರಾಸರಿ 1,050 ಕಿ.ಮೀ.ಗಿಂತ ಹೆಚ್ಚಿನ ವೇಗ. ಆ ಎರಡು ನಿಲ್ದಾಣಗಳ ನಡುವಿನ ಮಹಾವೃತ್ತ ದೂರ ಸುಮಾರು 12,380 ಕಿ.ಮೀ. ಮಾತ್ರ ಎಂಬುದನ್ನು ಗಮನಿಸಿದರೆ, ವಿಮಾನ ಯಾನದಲ್ಲಿ ಹತ್ತಿರದ ದಾರಿಯೂ ಬೇಗನೆ ಮುಟ್ಟಿಸುವ ದಾರಿಯೂ ಒಂದೇ ಅಲ್ಲವೆಂಬುದು ಸ್ಪಷ್ಟವಾಗುತ್ತದೆ.

ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹಾರುವ ವಿಮಾನ ಬೇಗ ತಲುಪಬೇಕಲ್ಲವೇ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳುವುದುಂಟು. ವಾಯುಮಂಡಲವೂ ಭೂಮಿಯೊಡನೆ ತಿರುಗುತ್ತಿರುವುದರಿಂದ ಹಾಗೆ ಆಗುವುದಿಲ್ಲ. ಎರಡು ದಿಕ್ಕುಗಳ ಸಮಯದಲ್ಲಿ ಕಾಣುವ ವ್ಯತ್ಯಾಸಕ್ಕೆ ಗಾಳಿಯ ಚಲನೆಯೇ ಮುಖ್ಯ ಕಾರಣ.

ಟಿಕೆಟಿನಲ್ಲಿ ನಮೂದಿಸುವ ಪ್ರಯಾಣದ ಅವಧಿಯು ಆಕಾಶದಲ್ಲಿ ಕಳೆಯುವ ಸಮಯವಷ್ಟೇ ಅಲ್ಲ. ವಿಮಾನವು ತನ್ನ ನಿಲುಗಡೆಯಿಂದ ಹೊರಟು, ಇಳಿದ ಮೇಲೆ ಮತ್ತೊಂದು ನಿಲುಗಡೆಯನ್ನು ಸೇರುವವರೆಗಿನ ಅವಧಿ ಅದರಲ್ಲಿ ಸೇರಿರುತ್ತದೆ.

ವಾಯುಪ್ರದೇಶ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು

ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣಾಧಿಕಾರವಿದೆ. 1944ರ ಷಿಕಾಗೊ ಒಪ್ಪಂದವು ಈ ತತ್ತ್ವವನ್ನು ಅಂಗೀಕರಿಸಿದೆ. ಆದ್ದರಿಂದ ಒಂದು ದೇಶವು ತನ್ನ ವಾಯುಪ್ರದೇಶವನ್ನು ಮುಚ್ಚಿದಾಗ ಸಾವಿರಾರು ಕಿಲೋಮೀಟರ್ ಆಚೆಯ ನಗರಗಳ ನಡುವಿನ ಪ್ರಯಾಣದ ಸಮಯವೂ ಬದಲಾಗುತ್ತದೆ.

2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನವು ತನ್ನ ವಾಯುಪ್ರದೇಶಕ್ಕೆ ನಿರ್ಬಂಧ ವಿಧಿಸಿದಾಗ ಭಾರತದಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಸುತ್ತುಹಾಕಬೇಕಾಯಿತು. 2025ರ ಏಪ್ರಿಲ್ 24ರಂದು ಭಾರತೀಯ ವಿಮಾನಗಳಿಗೆ ಅದು ಮತ್ತೆ ಮುಚ್ಚಲ್ಪಟ್ಟಿತು. ಅದೇ ತಿಂಗಳ 30ರಂದು ಭಾರತವೂ ಪಾಕಿಸ್ತಾನದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು.

ಉಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ 2022ರಲ್ಲಿ ರಷ್ಯಾದ ವಾಯುಪ್ರದೇಶವು ಅಮೆರಿಕದ ವಿಮಾನ ಸಂಸ್ಥೆಗಳಿಗೆ ಇಲ್ಲವಾಯಿತು. ಭಾರತೀಯ ಸಂಸ್ಥೆಗಳಿಗೆ ಅದು ತೆರೆದೇ ಇತ್ತು. ಮಹಾವೃತ್ತದ ದೊಡ್ಡ ಭಾಗವು ಸೈಬೀರಿಯಾದ ಮೇಲಿರುವ ಈ ಮಾರ್ಗಕ್ಕೆ ಇದು ನಿರ್ಣಾಯಕ ವ್ಯತ್ಯಾಸವಾಗಿದೆ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಸಂಸ್ಥೆಯು 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ಸೇವೆಯನ್ನು ಘೋಷಿಸಿತ್ತಾದರೂ, ಕೋವಿಡ್ ಕಾಲದಲ್ಲಿ ಮುಂದೂಡಲ್ಪಟ್ಟ ಆ ಯೋಜನೆಯು ರಷ್ಯಾದ ವಾಯುಪ್ರದೇಶ ಇಲ್ಲವಾದ ಮೇಲೆ ಕಾರ್ಯರೂಪಕ್ಕೆ ಬರಲಿಲ್ಲ.

ಧ್ರುವ ಪ್ರದೇಶದ ಹಾರಾಟ

ಸಾಮಾನ್ಯವಾಗಿ 78° ಉತ್ತರ ಅಕ್ಷಾಂಶಕ್ಕಿಂತ ಮೇಲಿನ ಭಾಗವನ್ನು ವಿಮಾನ ಯಾನದಲ್ಲಿ ಉತ್ತರ ಧ್ರುವ ಪ್ರದೇಶವೆಂದು ಪರಿಗಣಿಸಲಾಗುತ್ತದೆ. ಅಲ್ಲಿ ಹಾರಲು ವಿಶೇಷ ಅನುಮತಿ ಮತ್ತು ತರಬೇತಿ ಅವಶ್ಯ. ಮುಖ್ಯ ಸವಾಲುಗಳು ಇವು:

• ಇಂಧನದ ಉಷ್ಣತೆ: ಜೆಟ್ ಎ-1 ಇಂಧನದ ಹೆಪ್ಪುಗಟ್ಟುವ ಮಿತಿ −47° ಸೆಲ್ಸಿಯಸ್. ಹೊರಗಿನ ಚಳಿ ಅದಕ್ಕಿಂತ ತೀವ್ರವಾಗಿರುವ ಪ್ರದೇಶಗಳಲ್ಲಿ ಇಂಧನದ ಉಷ್ಣತೆಯನ್ನು ಸತತವಾಗಿ ಗಮನಿಸುತ್ತಿರಬೇಕು.
• ದಿಕ್ಕು: ಕಾಂತೀಯ ಧ್ರುವದ ಸಮೀಪದಲ್ಲಿ ದಿಕ್ಸೂಚಿಯನ್ನು ನಂಬಲಾಗದು. ಅಲ್ಲಿ ನಿಜವಾದ ಉತ್ತರವನ್ನು ಆಧರಿಸಿದ ಉಪಕರಣಗಳನ್ನೇ ಬಳಸಬೇಕು.
• ಸಂಪರ್ಕ: ಸಮಭಾಜಕದ ಮೇಲೆ ನೆಲೆಗೊಂಡ ಸಂವಹನ ಉಪಗ್ರಹಗಳ ಸಂಕೇತ ಧ್ರುವದ ಬಳಿ ದೊರೆಯುವುದಿಲ್ಲ. ಸೌರ ಬಿರುಗಾಳಿಗಳು ರೇಡಿಯೊ ಸಂಪರ್ಕವನ್ನೂ ಕೆಡಿಸಬಲ್ಲವು.
• ತುರ್ತು ಇಳಿತಾಣ: ಎರಡು ಎಂಜಿನ್‌ಗಳ ವಿಮಾನವು, ಒಂದು ಎಂಜಿನ್ ಕೆಟ್ಟರೂ ನಿಗದಿತ ಅವಧಿಯೊಳಗೆ ಸೇರಬಹುದಾದ ನಿಲ್ದಾಣವೊಂದು ಇರುವಂತೆ ದಾರಿಯನ್ನು ರೂಪಿಸಿಕೊಳ್ಳಬೇಕು.

ಕೊನೆಯ ಅಂಶದ ಮಹತ್ವವು 2023ರ ಜೂನ್‌ನಲ್ಲಿ ಕಂಡುಬಂದಿತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನವು ಎಂಜಿನ್ ತೊಂದರೆಯ ಕಾರಣ ರಷ್ಯಾದ ಪೂರ್ವಭಾಗದ ಮಗದಾನ್ ನಗರದಲ್ಲಿ ಸುರಕ್ಷಿತವಾಗಿ ಇಳಿಯಿತು. ಅದರಲ್ಲಿದ್ದ 216 ಪ್ರಯಾಣಿಕರು ಮತ್ತು 16 ಸಿಬ್ಬಂದಿಗಾಗಿ ಬೇರೊಂದು ವಿಮಾನವನ್ನು ಕಳುಹಿಸಬೇಕಾಯಿತು.

ಇತಿಹಾಸ

ನೇರ ವಿಮಾನ ಬರುವ ಮೊದಲು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವವರು ನಡುವಿನ ಯಾವುದಾದರೊಂದು ನಗರದಲ್ಲಿ ವಿಮಾನ ಬದಲಿಸಲೇಬೇಕಿತ್ತು. 2019ರ ಆಗಸ್ಟ್ 15ರಂದು ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಧ್ರುವ ಪ್ರದೇಶದ ಮೂಲಕ ಹಾರಿಸಿ, ಆ ದಾರಿಯನ್ನು ಬಳಸಿದ ಮೊದಲ ಭಾರತೀಯ ಸಂಸ್ಥೆಯಾಯಿತು.

ಬೆಂಗಳೂರಿನ ಮೊದಲ ನೇರ ವಿಮಾನವು 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟಿತು. ಅದರ ಪೈಲಟ್‌ಗಳೆಲ್ಲರೂ ಮಹಿಳೆಯರಾಗಿದ್ದರು: ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಕ್ಯಾಪ್ಟನ್ ಪಾಪಗಾರಿ ತನ್ಮಯಿ, ಕ್ಯಾಪ್ಟನ್ ಆಕಾಂಕ್ಷಾ ಸೋನಾವರೆ ಮತ್ತು ಕ್ಯಾಪ್ಟನ್ ಶಿವಾನಿ ಮನ್ಹಾಸ್. ಉತ್ತರ ಧ್ರುವದ ಮೇಲೆ ಹಾದು ಬಂದ ಆ ವಿಮಾನವು 17 ಗಂಟೆಗಳಷ್ಟು ಹಾರಿ ಜನವರಿ 11ರ ಸೋಮವಾರ ನಸುಕಿನಲ್ಲಿ ದೇವನಹಳ್ಳಿಯಲ್ಲಿ ಇಳಿಯಿತು. ಭಾರತೀಯ ಸಂಸ್ಥೆಯೊಂದು ಅದುವರೆಗೆ ನಡೆಸಿದ ವಾಣಿಜ್ಯ ಸೇವೆಗಳಲ್ಲಿ, ನಿಲ್ದಾಣಗಳ ನಡುವಿನ ದೂರದ ದೃಷ್ಟಿಯಿಂದ, ಇದೇ ಅತಿ ದೀರ್ಘವಾದುದಾಗಿತ್ತು.

ಕೆಲಕಾಲ ನಿಂತಿದ್ದ ಸೇವೆಯು 2022ರ ಡಿಸೆಂಬರ್‌ನಲ್ಲಿ ವಾರಕ್ಕೆ ಮೂರು ಹಾರಾಟಗಳೊಂದಿಗೆ ಪುನರಾರಂಭವಾಯಿತು. ಅಷ್ಟರಲ್ಲಿ ಏರ್ ಇಂಡಿಯಾ ಸಂಸ್ಥೆಯು ಟಾಟಾ ಸಮೂಹದ ಒಡೆತನಕ್ಕೆ ಬಂದಿತ್ತು.

ವಿಮಾನ ಮತ್ತು ಇಂಧನ

ಈ ಮಾರ್ಗಕ್ಕೆ ಬಳಸಲಾದ ಬೋಯಿಂಗ್ 777-200ಎಲ್‌ಆರ್ ವಿಮಾನವು ಅತಿ ದೂರದ ಪ್ರಯಾಣಕ್ಕೆಂದೇ ರೂಪಿತವಾದುದು. ಇದರ ಹಾರಾಟದ ವ್ಯಾಪ್ತಿ ಸುಮಾರು 15,800 ಕಿ.ಮೀ. 2005ರ ನವೆಂಬರ್‌ನಲ್ಲಿ ಇದೇ ಮಾದರಿಯ ವಿಮಾನವೊಂದು ಹಾಂಗ್‌ಕಾಂಗ್‌ನಿಂದ ಪೂರ್ವಕ್ಕೆ ಹಾರಿ, ಪೆಸಿಫಿಕ್ ಮತ್ತು ಅಟ್ಲಾಂಟಿಕ್ ಸಾಗರಗಳೆರಡನ್ನೂ ದಾಟಿ, ನಡುವೆ ಎಲ್ಲಿಯೂ ಇಳಿಯದೆ 21,602 ಕಿ.ಮೀ. ಕ್ರಮಿಸಿ ಲಂಡನ್ ತಲುಪಿತ್ತು. ಪೂರ್ಣ ಪ್ರಮಾಣದ ಪ್ರಯಾಣಿಕರಿಲ್ಲದ ಪ್ರದರ್ಶನ ಹಾರಾಟ ಅದಾಗಿತ್ತು. ಏರ್ ಇಂಡಿಯಾ ಬಳಸಿದ ವಿಮಾನದಲ್ಲಿ 238 ಆಸನಗಳಿದ್ದವು.

ದೀರ್ಘ ಪ್ರಯಾಣದಲ್ಲಿ ಇಂಧನವೇ ದೊಡ್ಡ ಭಾರ. ಮೊದಲ ಕೆಲವು ಗಂಟೆಗಳಲ್ಲಿ ಸುಡುವ ಇಂಧನದ ಒಂದು ಪಾಲು, ಕೊನೆಯ ಗಂಟೆಗಳಿಗೆ ಬೇಕಾದ ಇಂಧನವನ್ನು ಹೊರಲೆಂದೇ ವೆಚ್ಚವಾಗುತ್ತದೆ. ಎದುರುಗಾಳಿಯಿಂದ ಒಂದು ಗಂಟೆ ಹೆಚ್ಚಾದರೆ ಸರಕನ್ನೋ ಪ್ರಯಾಣಿಕರ ಸಂಖ್ಯೆಯನ್ನೋ ಕಡಿಮೆ ಮಾಡಬೇಕಾಗಿ ಬರಬಹುದು.

ಬೆಂಗಳೂರಿನ ಎತ್ತರವೂ ಇಲ್ಲಿ ಪರಿಣಾಮ ಬೀರುತ್ತದೆ. 915 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಕಡಿಮೆ. ಬಿಸಿಲಿನ ಮಧ್ಯಾಹ್ನ ಅದು ಇನ್ನೂ ಕಡಿಮೆಯಾಗುತ್ತದೆ. ಆಗ ರೆಕ್ಕೆಗಳ ಎತ್ತುವ ಬಲವೂ ಎಂಜಿನ್‌ಗಳ ನೂಕುವ ಬಲವೂ ಕುಗ್ಗುವುದರಿಂದ, ತುಂಬಿದ ವಿಮಾನವು ನೆಲ ಬಿಡಲು ಹೆಚ್ಚು ದೂರ ಓಡಬೇಕಾಗುತ್ತದೆ. 4,000 ಮೀಟರ್ ಉದ್ದದ ರನ್‌ವೇಗಳು ಇದಕ್ಕೆ ಅನುಕೂಲವಾಗಿವೆ.

ಗಡಿಯಾರ ಮತ್ತು ದಿನಾಂಕ

ಭಾರತೀಯ ಪ್ರಮಾಣ ಸಮಯವು 82°30′ ಪೂರ್ವ ರೇಖಾಂಶವನ್ನು ಆಧರಿಸಿದ್ದು, ವಿಶ್ವ ಪ್ರಮಾಣ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಕ್ಯಾಲಿಫೋರ್ನಿಯಾದ ಸಮಯವು ಚಳಿಗಾಲದಲ್ಲಿ ವಿಶ್ವ ಪ್ರಮಾಣ ಸಮಯಕ್ಕಿಂತ 8 ಗಂಟೆ ಹಿಂದಿರುತ್ತದೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರ್ ತಿಂಗಳ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆ ಅವಧಿಯಲ್ಲಿ ವ್ಯತ್ಯಾಸವು 7 ಗಂಟೆಯಾಗುತ್ತದೆ.

ಟಿಕೆಟಿನಲ್ಲಿ ನಿರ್ಗಮನ ಮತ್ತು ಆಗಮನದ ವೇಳೆಗಳನ್ನು ಆಯಾ ಊರಿನ ಸ್ಥಳೀಯ ಸಮಯದಲ್ಲಿ ನಮೂದಿಸಲಾಗುತ್ತದೆ. ಚಳಿಗಾಲದ ಎರಡು ಉದಾಹರಣೆಗಳು:

• ಹೋಗುವಾಗ: ಬೆಂಗಳೂರಿನಲ್ಲಿ ಬುಧವಾರ ಮಧ್ಯಾಹ್ನ 2.30 ಆಗಿರುವಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬುಧವಾರ ಮುಂಜಾವ 1 ಗಂಟೆ. ಆಗ ಹೊರಟು 16 ಗಂಟೆ ಪ್ರಯಾಣಿಸಿದವರು ಬುಧವಾರವೇ ಸಂಜೆ 5ಕ್ಕೆ ತಲುಪುತ್ತಾರೆ. ಗಡಿಯಾರಗಳ ಪ್ರಕಾರ ಕಳೆದದ್ದು ಎರಡೂವರೆ ಗಂಟೆ ಮಾತ್ರ.
• ಮರಳುವಾಗ: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶನಿವಾರ ರಾತ್ರಿ 8.30 ಆಗಿರುವಾಗ ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ 10 ಗಂಟೆ. ಹದಿನೇಳೂವರೆ ಗಂಟೆ ಪ್ರಯಾಣಿಸಿದವರು ಸೋಮವಾರ ನಸುಕಿನ 3.30ಕ್ಕೆ ತಲುಪುತ್ತಾರೆ.

ಎರಡನೆಯ ಉದಾಹರಣೆಯಲ್ಲಿ ಕ್ಯಾಲೆಂಡರಿನ ಎರಡು ದಿನಗಳು ಸರಿದಿವೆ. ಬರುವವರನ್ನು ಎದುರುಗೊಳ್ಳಲು ದೇವನಹಳ್ಳಿಗೆ ಹೋಗುವವರು ಭಾನುವಾರ ನಸುಕಿಗೆ ಹೊರಡುವ ತಪ್ಪನ್ನು ಮಾಡುವುದು ಇದರಿಂದಲೇ. ಹೊರಡುವ ವೇಳೆಯನ್ನು ಮೊದಲು ಭಾರತೀಯ ಸಮಯಕ್ಕೆ ಪರಿವರ್ತಿಸಿ, ಅನಂತರ ಪ್ರಯಾಣದ ಅವಧಿಯನ್ನು ಕೂಡಿಸುವುದು ಸುರಕ್ಷಿತ ಕ್ರಮ.

ಪೆಸಿಫಿಕ್ ದಾರಿಯಲ್ಲಿ ಹೋದ ವಿಮಾನವು ಅಂತರರಾಷ್ಟ್ರೀಯ ದಿನಾಂಕ ರೇಖೆಯನ್ನು ದಾಟುತ್ತದೆ. ಯೂರೋಪಿನ ಮೂಲಕ ಹೋದದ್ದು ದಾಟುವುದಿಲ್ಲ. ಹಾಗಿದ್ದರೂ ತಲುಪಿದಾಗಿನ ದಿನಾಂಕದ ಲೆಕ್ಕದಲ್ಲಿ ವ್ಯತ್ಯಾಸವಾಗುವುದಿಲ್ಲ. ಪೂರ್ವಕ್ಕೆ ಸಾಗುವಾಗ ಒಂದೊಂದೇ ವಲಯದಲ್ಲಿ ಮುಂದಕ್ಕೆ ಸರಿದ ಗಡಿಯಾರವನ್ನು ದಿನಾಂಕ ರೇಖೆಯು ಒಂದು ದಿನ ಹಿಂದಕ್ಕೆ ತರುತ್ತದೆ.

ಸಂಪರ್ಕ ವಿಮಾನಗಳ ಮೂಲಕ ಪ್ರಯಾಣ

ನೇರ ವಿಮಾನವನ್ನು ಆಯ್ದುಕೊಳ್ಳದ ಪ್ರಯಾಣಿಕರು ಬಳಸುವ ಕೆಲವು ದಾರಿಗಳ ಮಹಾವೃತ್ತ ದೂರಗಳು ಹೀಗಿವೆ:

• ದುಬೈ ಮೂಲಕ: ಸುಮಾರು 2,700 + 13,000 = 15,700 ಕಿ.ಮೀ.
• ಫ್ರಾಂಕ್‌ಫರ್ಟ್ ಮೂಲಕ: ಸುಮಾರು 7,400 + 9,150 = 16,550 ಕಿ.ಮೀ.
• ಸಿಂಗಪುರ ಮೂಲಕ: ಸುಮಾರು 3,200 + 13,600 = 16,800 ಕಿ.ಮೀ.

ಇವುಗಳಲ್ಲಿ ಹಾರಾಟದ ಸಮಯಕ್ಕಿಂತ ನಡುವಿನ ನಿಲ್ದಾಣದಲ್ಲಿ ಕಾಯುವ ಸಮಯವೇ ಒಟ್ಟು ಅವಧಿಯನ್ನು ಹೆಚ್ಚು ಬದಲಿಸುತ್ತದೆ. ಒಟ್ಟಾರೆ ಪ್ರಯಾಣವು ಸಾಮಾನ್ಯವಾಗಿ 20 ಗಂಟೆಗಳನ್ನು ಮೀರುತ್ತದೆ. ನಡುವೆ ಇಳಿದು ಓಡಾಡುವ ಅವಕಾಶ ಕೆಲವರಿಗೆ ಅನುಕೂಲವಾದರೆ, ಭಾಷೆ ತಿಳಿಯದ ನಿಲ್ದಾಣದಲ್ಲಿ ವಿಮಾನ ಬದಲಿಸುವುದು ಹಿರಿಯರಿಗೆ ತ್ರಾಸದಾಯಕವಾಗಬಹುದು. ನೇರ ಸೇವೆಯನ್ನು ಅನೇಕರು ಬಯಸುವುದಕ್ಕೆ ಸಮಯದ ಉಳಿತಾಯದಷ್ಟೇ ಇದೂ ಕಾರಣವಾಗಿದೆ.

ಪ್ರಯಾಣಿಕರ ದೇಹದ ಮೇಲಿನ ಪರಿಣಾಮ

ಸುಮಾರು 13 ಗಂಟೆಗಳ ಕಾಲ ವ್ಯತ್ಯಾಸವೆಂದರೆ ಹಗಲು ರಾತ್ರಿಗಳು ಪೂರ್ಣವಾಗಿ ಅದಲುಬದಲಾಗುವುದೆಂದು ಅರ್ಥ. ದೇಹದೊಳಗಿನ ಗಡಿಯಾರ ಹೊಸ ಸಮಯಕ್ಕೆ ಹೊಂದಿಕೊಳ್ಳುವವರೆಗೆ ನಿದ್ರಾಭಂಗ, ಆಯಾಸ ಮತ್ತು ಜೀರ್ಣದ ತೊಂದರೆ ಕಾಣಿಸಿಕೊಳ್ಳುತ್ತವೆ. ಇದನ್ನು ಜೆಟ್ ಲ್ಯಾಗ್ ಎನ್ನುತ್ತಾರೆ. ಹೊಸ ಊರಿನ ಹಗಲಿನ ಬೆಳಕಿಗೆ ಮೈಯೊಡ್ಡುವುದು ಹೊಂದಾಣಿಕೆಗೆ ಸಹಾಯಕ.

ದೀರ್ಘಕಾಲ ಒಂದೇ ಕಡೆ ಕುಳಿತಿರುವುದರಿಂದ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಕೆಲವರಲ್ಲಿ ಹೆಚ್ಚುತ್ತದೆ. ಆಗಾಗ ಎದ್ದು ನಡೆಯುವುದು, ಪಾದಗಳನ್ನು ಆಡಿಸುವುದು ಮತ್ತು ಸಾಕಷ್ಟು ನೀರು ಕುಡಿಯುವುದು ಉತ್ತಮ. ಹೃದ್ರೋಗ, ಮಧುಮೇಹ ಇರುವವರು ಮತ್ತು ಇತ್ತೀಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು ಪ್ರಯಾಣಕ್ಕೆ ಮೊದಲು ವೈದ್ಯರ ಸಲಹೆ ಪಡೆಯಬೇಕು. ವೇಳೆಗೆ ಸರಿಯಾಗಿ ತೆಗೆದುಕೊಳ್ಳಬೇಕಾದ ಔಷಧಗಳನ್ನು, ವಿಶೇಷವಾಗಿ ಇನ್ಸುಲಿನ್ನನ್ನು, ಬದಲಾದ ಸಮಯಕ್ಕೆ ಹೇಗೆ ಹೊಂದಿಸಿಕೊಳ್ಳಬೇಕೆಂಬುದನ್ನೂ ಅವರಿಂದಲೇ ತಿಳಿದುಕೊಳ್ಳಬೇಕು.

ಇತರ ದೀರ್ಘ ಮಾರ್ಗಗಳೊಂದಿಗೆ ಹೋಲಿಕೆ

• ಸಿಂಗಪುರ–ನ್ಯೂಯಾರ್ಕ್ (ಜಾನ್ ಎಫ್. ಕೆನಡಿ ನಿಲ್ದಾಣ): ಸುಮಾರು 15,350 ಕಿ.ಮೀ.
• ಆಕ್ಲೆಂಡ್–ದೋಹಾ: ಸುಮಾರು 14,535 ಕಿ.ಮೀ.
• ಪರ್ತ್–ಲಂಡನ್: ಸುಮಾರು 14,500 ಕಿ.ಮೀ.
• ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ಸುಮಾರು 13,993 ಕಿ.ಮೀ.
• ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ: ಸುಮಾರು 12,380 ಕಿ.ಮೀ.

ಸಿಂಗಪುರ್ ಏರ್‌ಲೈನ್ಸ್ ಸಂಸ್ಥೆಯು ನ್ಯೂಯಾರ್ಕ್ ಪ್ರದೇಶಕ್ಕೆ 2004ರಲ್ಲಿ ಆರಂಭಿಸಿದ ನೇರ ಸೇವೆಯನ್ನು 2013ರಲ್ಲಿ ನಿಲ್ಲಿಸಿ, ಇಂಧನವನ್ನು ಕಡಿಮೆ ಬಳಸುವ ಏರ್‌ಬಸ್ ಎ350-900ಯುಎಲ್‌ಆರ್ ವಿಮಾನ ಬಂದ ಮೇಲೆ 2018ರಲ್ಲಿ ಮತ್ತೆ ಪ್ರಾರಂಭಿಸಿತು. ಮೊದಲು ಬಳಸುತ್ತಿದ್ದ ಏರ್‌ಬಸ್ ಎ340-500ಕ್ಕೆ ನಾಲ್ಕು ಎಂಜಿನ್‌ಗಳಿದ್ದವು. ಹೊಸದಕ್ಕೆ ಇರುವುದು ಎರಡು. ಆ ಹದಿನಾಲ್ಕು ವರ್ಷಗಳಲ್ಲಿ ಎರಡು ನಗರಗಳ ನಡುವಿನ ದೂರ ಬದಲಾಗಿರಲಿಲ್ಲ; ಅದನ್ನು ಕ್ರಮಿಸುವ ವೆಚ್ಚ ಬದಲಾಗಿತ್ತು.

ಇವನ್ನೂ ನೋಡಿ

• ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ
• ಮಹಾವೃತ್ತ
• ಜೆಟ್ ಪ್ರವಾಹ
• ಅಂತರರಾಷ್ಟ್ರೀಯ ದಿನಾಂಕ ರೇಖೆ
• ಭಾರತೀಯ ಪ್ರಮಾಣ ಸಮಯ